ಗಳಿಕೆಯೂ ದಾಸೋಹವೂ



ಹೋದ ವರ್ಷ ಶ್ರಾವಣಮಾಸದ ಒಂದು ಮುಂಜಾನೆ ನಾವು ಪೂಜೆ ಮುಗಿಸಿ ಹೊರಗೆ ಬಂದಾಗ ಒಬ್ಬ ತರುಣ ನಮ್ಮ ದಾರಿ ಕಾಯುತ್ತ ಕುಳಿತಿದ್ದ. ಈ ಮಠದ ಪ್ರಸಾದನಿಲಯದಲ್ಲಿಯೇ ಉಂಡು ಓದಿ ಇಂಜಿನಿಯರನಾದವನು. ಪಕ್ಕದಲ್ಲಿ ಅವನ ತಾಯಿ ಇದ್ದಳು. ಅವನ ಕೈಯಲ್ಲಿ ಎರಡು ಪತ್ರಗಳು. ಒಂದು, ನಮ್ಮ ತಾಲೂಕಿನ ಪಾಲಿಟೆಕ್ನಿಕಿನಲ್ಲಿ ಉಪಾಧ್ಯಾಯನಾಗಲು ಬಂದ ಕರೆ. ಇನ್ನೊಂದು, ಬೆಂಗಳೂರಿನ ದೊಡ್ಡ ಕಂಪನಿಯ ಕರೆ. ಅದರ ಪಗಾರ ಮೊದಲನೆಯದರ ಐದು ಪಟ್ಟು. ಅವನು ನಮಸ್ಕರಿಸಿ ಕೇಳಿದ: "ಅಜ್ಜಾರ, ಇಲ್ಲೇ ಇದ್ದರ ವರ್ಷಕ್ಕ ನಲವತ್ತು ಹುಡುಗರಿಗೆ ಪಾಠ ಹೇಳಬಹುದು. ಬೆಂಗಳೂರಿಗೆ ಹೋಗಿ ಗಳಿಸಿ ಅರ್ಧಾ ಪಗಾರ ಪ್ರಸಾದನಿಲಯಕ್ಕ ಕಳಿಸಿದರ ಎಷ್ಟೋ ಬಡ ಹುಡುಗರು ಉಂಡು ಓದ್ತಾರ. ಯಾವುದು ದೊಡ್ಡ ಕಾಯಕರೀ?"

ನಾವು ಬಾಯಿ ತೆರೆಯುವ ಮೊದಲೇ ಅಲ್ಲಿ ಕುಳಿತಿದ್ದ ಹಿರಿಯ ಭಕ್ತರೊಬ್ಬರು ನಕ್ಕು, "ತಮ್ಮಾ, ರೊಕ್ಕದ ಆಸೆಗೆ ದಾಸೋಹದ ಅಂಗಿ ತೊಡಸಬ್ಯಾಡ" ಎಂದರು. ಹುಡುಗ ತಲೆ ತಗ್ಗಿಸಿದ. ತಾಯಿಯ ಮುಖ ಕಂದಿತು. ನಾವು ಅಂದು ಉತ್ತರ ಕೊಡಲಿಲ್ಲ. "ಸೋಮವಾರ ಬಾ" ಎಂದು ಪ್ರಸಾದ ಕೊಟ್ಟು ಕಳಿಸಿದೆವು. ಆ ನಡುವಿನ ದಿನಗಳಲ್ಲಿ ನಾವು ವಿಚಾರಿಸಿದ್ದನ್ನೇ ಇಂದು ನಿಮ್ಮ ಮುಂದೆ ಇಡುತ್ತೇವೆ. ಏಕೆಂದರೆ ಇದು ಒಬ್ಬ ಹುಡುಗನ ಪ್ರಶ್ನೆಯಷ್ಟೇ ಅಲ್ಲ. ಕೊಡುವುದಕ್ಕಾಗಿಯೇ ಹೆಚ್ಚು ಗಳಿಸಬೇಕೆನ್ನುವವನನ್ನು ಸಮಾಜವು ಹೇಗೆ ಕಾಣಬೇಕು, ಅವನಿಗೆ ಯಾವ ರೀತಿಯಲ್ಲಿ ಬೆಂಬಲವಾಗಿ ನಿಲ್ಲಬೇಕು ಎಂಬುದು ಇದರಲ್ಲಿ ಅಡಗಿದೆ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಒಂದೇ ಮಾತನ್ನು ಹೇಳಿಲ್ಲ. ಮಹಾಕವಿ ಕಾಳಿದಾಸನು ರಘುವಂಶದ ಆರಂಭದಲ್ಲಿ ಆ ಕುಲದ ಅರಸರ ಗುಣಗಳನ್ನು ಎಣಿಸುವಾಗ, ಅವರು ಧನವನ್ನು ಕೂಡಿಸಿದ್ದು ತ್ಯಾಗಕ್ಕಾಗಿ ಎಂದು ಹೊಗಳುತ್ತಾನೆ. ಐದನೆಯ ಸರ್ಗದಲ್ಲಿ ಇದಕ್ಕೊಂದು ಕಥೆಯನ್ನೂ ಕೊಟ್ಟಿದ್ದಾನೆ. ರಘುಮಹಾರಾಜನು ವಿಶ್ವಜಿತ್ ಯಾಗ ಮಾಡಿ ಇದ್ದುದನ್ನೆಲ್ಲ ಕೊಟ್ಟು ಬರಿಗೈಯಾಗಿದ್ದಾನೆ. ವರತಂತು ಮುನಿಯ ಶಿಷ್ಯ ಕೌತ್ಸನು ಗುರುದಕ್ಷಿಣೆಗಾಗಿ ಹದಿನಾಲ್ಕು ಕೋಟಿ ಹೊನ್ನು ಬೇಡಲು ಬಂದಾಗ ಅರಸನು ಅರ್ಘ್ಯ ಕೊಟ್ಟದ್ದು ಮಣ್ಣಿನ ಪಾತ್ರೆಯಲ್ಲಿ. ಬಂದವನನ್ನು ಬರಿಗೈಯಲ್ಲಿ ಕಳಿಸಲಾರದೆ ರಘುವು ಕುಬೇರನ ಮೇಲೆಯೇ ದಂಡೆತ್ತಲು ಸಿದ್ಧನಾಗುತ್ತಾನೆ. ಆ ರಾತ್ರಿಯೇ ಭಂಡಾರದಲ್ಲಿ ಹೊನ್ನಿನ ಮಳೆ ಸುರಿಯುತ್ತದೆ. ಸುರಿದದ್ದೆಲ್ಲವನ್ನೂ ಒಯ್ಯಿ ಎಂದು ಅರಸ. ಗುರುವಿಗೆ ಸಲ್ಲಬೇಕಾದುದಕ್ಕಿಂತ ಒಂದು ಹೊನ್ನೂ ಹೆಚ್ಚು ಬೇಡ ಎಂದು ಕೌತ್ಸ. ಕೊಡುವವನ ಹಿರಿಮೆಯನ್ನು ಎಲ್ಲರೂ ಹೇಳುತ್ತಾರೆ. ಬೇಡುವವನಿಗೂ ಒಂದು ಅಳತೆ ಇತ್ತೆಂಬುದನ್ನು ಮರೆಯುತ್ತಾರೆ. ಅದನ್ನು ನೀವು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇದಕ್ಕೆ ಎದುರಾದ ಮಾತು ಮಹಾಭಾರತದ ವನಪರ್ವದಲ್ಲಿದೆ. ರಾಜ್ಯ ಕಳೆದುಕೊಂಡ ಧರ್ಮರಾಜನು ತನ್ನ ಹಿಂದೆ ಬಂದ ಬ್ರಾಹ್ಮಣರನ್ನು ಪೋಷಿಸಲು ಧನವಿಲ್ಲವಲ್ಲ ಎಂದು ಕೊರಗುತ್ತಾನೆ. ತನ್ನ ಭೋಗಕ್ಕೆ ತನಗೆ ಧನ ಬೇಡ, ಕೊಡುವುದಕ್ಕಾಗಿ ಬೇಕು ಎನ್ನುತ್ತಾನೆ. ಆಗ ಶೌನಕನು ಅವನಿಗೆ ಬೋಧಿಸುತ್ತಾನೆ: ಧರ್ಮ ಮಾಡಬೇಕೆಂದು ಧನವನ್ನು ಬಯಸುವುದಕ್ಕಿಂತ ಬಯಸದಿರುವುದೇ ಲೇಸು. ಕೆಸರನ್ನು ಮೆತ್ತಿಕೊಂಡು ಆಮೇಲೆ ತೊಳೆಯುವ ಬದಲು ಅದನ್ನು ಮುಟ್ಟದೆ ದೂರ ಇರುವುದು ಒಳ್ಳೆಯದಲ್ಲವೇ? ಶಾಸ್ತ್ರಜ್ಞರು ಇದನ್ನು ಪಂಕಪ್ರಕ್ಷಾಲನ ನ್ಯಾಯವೆಂದು ಕರೆಯುತ್ತಾರೆ. ನಮ್ಮ ಹಿರಿಯ ಭಕ್ತರು ನಗುತ್ತ ಆಡಿದ ಮಾತಿನ ಬೇರು ಇಲ್ಲಿದೆ.

ಒಂದು ಕಡೆ ರಘು, ಇನ್ನೊಂದು ಕಡೆ ಶೌನಕ. ಇಬ್ಬರೂ ಮಾನ್ಯರೇ. ಆದರೆ ರಘುವಿನ ಧನ ದಿಗ್ವಿಜಯದಿಂದ ಬಂದದ್ದು; ಸೋತ ಅರಸರ ಕಪ್ಪಕಾಣಿಕೆ. ಶೌನಕನ ಮಾತನ್ನು ಎಲ್ಲರೂ ಪಾಲಿಸಿದರೆ ಹಸಿದವನಿಗೆ ಅನ್ನ ಇಡುವವರು ಯಾರು? ಈ ಎರಡರ ನಡುವೆ ಮೂರನೆಯ ದಾರಿಯನ್ನು ತೋರಿದವರು ನಮ್ಮ ಕನ್ನಡನಾಡಿನ ಶಿವಶರಣರು.

ಶರಣರಿಗಿಂತ ಮೊದಲೂ ಈ ನಾಡಿನಲ್ಲಿ ಗಳಿಸಿ ಕೊಡುವವರಿಗೆ ಕೊರತೆ ಇರಲಿಲ್ಲ. ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಸಂಘವು ದೇಶದೇಶಗಳಲ್ಲಿ ವ್ಯಾಪಾರ ಮಾಡುತ್ತಿತ್ತು. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯೇ ಆ ಅಯ್ಯಾವೊಳೆ. ಆ ವರ್ತಕರು ತಮ್ಮ ಸರಕಿನ ಹೇರಿಗಿಷ್ಟೆಂದು ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು ದೇವಾಲಯಗಳಿಗೆ ಬಿಟ್ಟುಕೊಟ್ಟ ಸಂಗತಿಯನ್ನು ಶಾಸನಗಳು ಸಾರುತ್ತವೆ. ಅದು ದೊಡ್ಡ ಗುಣ. ಆದರೆ ಅಲ್ಲಿ ಕೊಟ್ಟದ್ದು ದಾನ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ಕೊಟ್ಟವನಿಗೆ ಪುಣ್ಯ, ಶಾಸನದಲ್ಲಿ ಹೆಸರು.

12ನೆಯ ಶತಮಾನದ ನಡುವಿನಲ್ಲಿ ಕಲ್ಯಾಣದಲ್ಲಿ ಬಸವಣ್ಣನವರು ಇದನ್ನು ಬದಲಿಸಿದರು. ದಾನವಿದ್ದಲ್ಲಿ ದಾಸೋಹವನ್ನು ತಂದರು. ತಾನು ದಾಸ ಎಂಬ ಭಾವದಿಂದ ಕೊಡುವುದು ದಾಸೋಹ. ಇನ್ನೂ ಮುಂದೆ ಹೋಗಿ, ಕೊಡುವ ವಸ್ತು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಕೊಡುವ ಕ್ರಿಯೆಯ ಒಳಗೇ ಸೇರಿಸಿದರು. ಅದಕ್ಕೆ ಸತ್ಯಶುದ್ಧ ಕಾಯಕವೆಂದು ಹೆಸರು. ಕಾಯಕದಲ್ಲಿ ಕೆಸರಿದ್ದರೆ ದಾಸೋಹದಲ್ಲಿ ಅದು ತೊಳೆದು ಹೋಗುವುದಿಲ್ಲ. ಹೀಗೆ ಶೌನಕನ ಆಕ್ಷೇಪಕ್ಕೆ ಉತ್ತರ ಸಿಕ್ಕಿತು. ಕೆಸರನ್ನು ಮುಟ್ಟಬೇಡ, ದುಡಿಮೆಯನ್ನು ಬಿಡಬೇಡ.

ಬಸವಣ್ಣನವರು ಸ್ವತಃ ಬಡವರಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಅವರು ಕಳಚೂರ್ಯ ಬಿಜ್ಜಳನ ಭಂಡಾರಿಗಳು. ಊರಿನಲ್ಲಿಯೇ ದೊಡ್ಡ ಅಧಿಕಾರದಲ್ಲಿದ್ದು, ಬಂದ ಸಂಬಳವನ್ನು ಮಹಾಮನೆಯ ದಾಸೋಹಕ್ಕೆ ಸುರಿದವರು. ಅರಮನೆಯ ಹೊನ್ನನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಚಾಡಿಕೋರರು ಬಿಜ್ಜಳನ ಕಿವಿ ಊದಿದರಂತೆ. ಭಂಡಾರ ತೆರೆಸಿ ಎಣಿಸಿದರೆ ಒಂದು ಕಾಸೂ ಕಡಿಮೆ ಇರಲಿಲ್ಲ ಎಂದು ಬಸವಪುರಾಣ ಹೇಳುತ್ತದೆ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಹೇಳಿದ ಈ ಪುರಾಣವನ್ನು 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದ. ಭಕ್ತರು ಇದನ್ನು ಪವಾಡವೆಂದು ಕೇಳುತ್ತಾರೆ, ಕೇಳಲಿ. ನಾವು ಇದರಲ್ಲಿ ಒಂದು ಲೆಕ್ಕದ ಪಾಠವನ್ನೂ ಕಾಣುತ್ತೇವೆ. ಕೊಡುವವನ ಲೆಕ್ಕವು ಯಾವಾಗ ತೆರೆಸಿದರೂ ಸರಿಯಾಗಿರಬೇಕು. ಒಳ್ಳೆಯ ಕೆಲಸಕ್ಕೆ ಕೊಟ್ಟೆನೆಂಬುದು ಇನ್ನೊಬ್ಬರ ಭಂಡಾರಕ್ಕೆ ಕೈ ಹಾಕಲು ಕಾರಣವಾಗದು.

ಈಗ ಆಯ್ದಕ್ಕಿ ಮಾರಯ್ಯನವರ ಮತ್ತು ಲಕ್ಕಮ್ಮನವರ ಕಥೆಗೆ ಬರೋಣ. ಇಲ್ಲಿ ಕುಳಿತ ತಾಯಂದಿರಿಗೆ ಇದು ಬಾಯಿಪಾಠವಾಗಿದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆ ದಂಪತಿಗಳ ಕಾಯಕ. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಅದೂ ದಾಸೋಹಕ್ಕೇ ಹೋಗುವ ಅಕ್ಕಿ, ಮನೆಯಲ್ಲಿ ಬಚ್ಚಿಡುವುದಕ್ಕಲ್ಲ. ಆದರೂ ಲಕ್ಕಮ್ಮನವರು ಸಂತೋಷಪಡಲಿಲ್ಲ. ಈ ಹೆಚ್ಚಳ ಎಲ್ಲಿಂದ ಬಂತು, ನಿಮ್ಮ ಮನಸ್ಸಿನಲ್ಲಿ ಆಸೆ ಹೊಕ್ಕಿತೇ ಎಂದು ಕೇಳಿ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ತಿರುಗಿ ಕಳಿಸಿದರು. ಮಾರಯ್ಯನವರು ಹೋದರು. ಉಳಿದ ಅಷ್ಟೇ ಅಕ್ಕಿಯಲ್ಲಿ ಆ ತಾಯಿ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ಉಣಬಡಿಸಿದರೆಂದು ಪರಂಪರೆ.

ಇದನ್ನು ಕೇಳಿದವರು, ಹೆಚ್ಚು ಗಳಿಸುವುದೇ ತಪ್ಪೆಂದು ಲಕ್ಕಮ್ಮ ಹೇಳಿದಳಲ್ಲವೇ ಎನ್ನುತ್ತಾರೆ. ನಾವೂ ಬಹಳ ವರ್ಷ ಹಾಗೆಯೇ ತಿಳಿದಿದ್ದೆವು. ಈಗ ಬೇರೆ ತೋರುತ್ತದೆ. ಲಕ್ಕಮ್ಮನವರು ದುಡಿಮೆಯನ್ನು ಬಿಡಿಸಲಿಲ್ಲ. ಒಮ್ಮೆ ಕಾಯಕವನ್ನು ಮರೆತು ಅನುಭವದ ಮಾತಿನಲ್ಲಿ ಮುಳುಗಿದ್ದ ಗಂಡನನ್ನು ಎಬ್ಬಿಸಿ ಕೆಲಸಕ್ಕೆ ಕಳಿಸಿದವರೂ ಅವರೇ. ಅವರು ಕೇಳಿದ್ದು ಎರಡೇ ಮಾತು: ಎಲ್ಲಿಂದ ಬಂತು? ಏತಕ್ಕೆ ಬೇಕಾಯಿತು? ಗಂಡನ ಕಾಯಕಕ್ಕೆ ಆ ಹೆಂಡತಿ ಕೊಟ್ಟ ಬೆಂಬಲ ಇದು. ಹೊಗಳಲಿಲ್ಲ, ಹಳಿಯಲಿಲ್ಲ. ಬಾಗಿಲಲ್ಲಿ ನಿಂತು ಚೀಲವನ್ನು ನೋಡಿದರು. ಗಳಿಸುವವನಿಗೆ ಇದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ. ಈ ಆಸರೆ ಸಿಕ್ಕಾಗ ಏನಾಗುತ್ತದೆ, ಸಿಗದಿದ್ದಾಗ ಏನಾಗುತ್ತದೆ ಎಂಬುದಕ್ಕೆ ಹೊರನಾಡುಗಳ ಚರಿತ್ರೆಯಲ್ಲಿಯೂ ಸಾಕ್ಷಿಯಿದೆ. ಅದನ್ನೂ ಸ್ವಲ್ಪ ನೋಡೋಣ. ಸತ್ಯ ಎಲ್ಲಿದ್ದರೂ ಶರಣರಿಗೆ ಅದು ಹೊರಗಿನದಲ್ಲ.

18ನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ಎಂಬ ಧರ್ಮೋಪದೇಶಕನಿದ್ದ. ಮೆಥಡಿಸ್ಟ್ ಪಂಥಕ್ಕೆ ಮೂಲಪುರುಷನು. ಹಣದ ಬಳಕೆಯ ಮೇಲೆ ಅವನು ಮಾಡಿದ ಉಪದೇಶವೊಂದು 1760ರಲ್ಲಿ ಅಚ್ಚಾಯಿತು. ಶಕ್ತಿಯಿದ್ದಷ್ಟು ಗಳಿಸು, ಆದಷ್ಟು ಉಳಿಸು, ಆದಷ್ಟೂ ಕೊಡು ಎಂಬುದು ಅದರ ಸಾರ. ಆದರೆ ಗಳಿಕೆಗೆ ಅವನು ಬೇಲಿ ಹಾಕಿದ್ದ. ತನ್ನ ದೇಹ ಕೆಡಬಾರದು, ಮನಸ್ಸು ಕೆಡಬಾರದು, ನೆರೆಯವನಿಗೆ ಕೇಡಾಗಬಾರದು. ಹೆಂಡದ ವ್ಯಾಪಾರ ಅವನಿಗೆ ವಿಷದ ವ್ಯಾಪಾರವೇ ಆಗಿತ್ತು. ಆಕ್ಸಫರ್ಡಿನಲ್ಲಿ ತರುಣನಾಗಿದ್ದಾಗ ಅವನಿಗೆ ವರ್ಷಕ್ಕೆ 30 ಪೌಂಡು ಬಂತಂತೆ. 28ರಲ್ಲಿ ಬದುಕಿ 2ನ್ನು ಕೊಟ್ಟ. ಮರುವರ್ಷ 60 ಬಂತು. ಆಗಲೂ 28ರಲ್ಲಿಯೇ ಬದುಕಿ 32 ಕೊಟ್ಟ. ಮುಂದೆ 90 ಬಂದಾಗ 62, 120 ಬಂದಾಗ 92. ಗಳಿಕೆ ನಾಲ್ಕು ಪಟ್ಟು ಬೆಳೆಯಿತು, ಅವನ ಹೊಟ್ಟೆ ಬೆಳೆಯಲಿಲ್ಲ. ಪುಸ್ತಕಗಳಿಂದ ಬಹಳ ಗಳಿಸಿಯೂ 1791ರಲ್ಲಿ ಅವನು ಹೆಚ್ಚೇನೂ ಇಟ್ಟುಕೊಳ್ಳದೆ ತೀರಿಕೊಂಡ. ಆದರೆ ಮುಪ್ಪಿನಲ್ಲಿ ಅವನಿಗೊಂದು ದುಃಖವಿತ್ತು. ಅವನ ಅನುಯಾಯಿಗಳು ಮೊದಲಿನ ಎರಡು ಮಾತುಗಳನ್ನು ಚೆನ್ನಾಗಿ ಕಲಿತರು, ಮೂರನೆಯದನ್ನು ಮರೆತರು. ಗಳಿಸಿದರು, ಉಳಿಸಿದರು, ಶ್ರೀಮಂತರಾದರು.

ಮುಂದಿನ ಶತಮಾನದಲ್ಲಿ ಅಮೇರಿಕೆಯ ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ ಬಂದ. ಸ್ಕಾಟ್ಲೆಂಡಿನ ನೇಕಾರನ ಮಗ. 1848ರಲ್ಲಿ ತಂದೆತಾಯಿಗಳೊಡನೆ ಹಡಗು ಹತ್ತಿ ಅಮೇರಿಕೆಗೆ ಹೋಗಿ, ನೂಲಿನ ಗಿರಣಿಯಲ್ಲಿ ವಾರಕ್ಕೆ ಒಂದು ಡಾಲರು ಇಪ್ಪತ್ತು ಸೆಂಟಿಗೆ ದುಡಿದವನು. 1868ರ ಕೊನೆಯಲ್ಲಿ, ಮೂವತ್ತಮೂರರ ವಯಸ್ಸಿನಲ್ಲಿ, ಅವನು ತನಗೆ ತಾನೇ ಒಂದು ಚೀಟಿ ಬರೆದುಕೊಂಡ. ವರ್ಷಕ್ಕೆ 50 ಸಾವಿರ ಡಾಲರಿಗಿಂತ ಹೆಚ್ಚು ಗಳಿಸುವುದಿಲ್ಲ, ಮಿಕ್ಕದ್ದನ್ನು ಪರೋಪಕಾರಕ್ಕೆ ಹಾಕುವೆ, ಇನ್ನೆರಡು ವರ್ಷದಲ್ಲಿ ವ್ಯಾಪಾರ ಬಿಡುವೆ, ಇಲ್ಲವಾದರೆ ಹಣದ ಪೂಜೆಯಲ್ಲಿ ಕೆಟ್ಟುಹೋಗುವೆ ಎಂಬುದು ಅದರ ತಾತ್ಪರ್ಯ. ಎಂಥ ಒಳ್ಳೆಯ ಸಂಕಲ್ಪ! ಆದರೆ ಅವನು ವ್ಯಾಪಾರ ಬಿಟ್ಟದ್ದು 1901ರಲ್ಲಿ. ಎರಡು ವರ್ಷದ ಮಾತು ಮೂವತ್ತೆರಡು ವರ್ಷವಾಯಿತು. ಆ ಚೀಟಿ ಜನಕ್ಕೆ ತಿಳಿದದ್ದು ಅವನು ತೀರಿದ ಮೇಲೆ, ಅವನ ಕಾಗದಪತ್ರಗಳಲ್ಲಿ.

ಆ ಮೂವತ್ತೆರಡು ವರ್ಷಗಳಲ್ಲಿ ಏನಾಯಿತು? ಧನಿಕನಾಗಿ ಸಾಯುವುದು ಅವಮಾನವೆಂದು 1889ರಲ್ಲಿ ಅವನೇ ಲೇಖನ ಬರೆದ. 1892ರಲ್ಲಿ ಹೋಮ್‌ಸ್ಟೆಡ್ ಎಂಬ ಊರಿನ ಅವನ ಉಕ್ಕಿನ ಕಾರಖಾನೆಯಲ್ಲಿ ಕೂಲಿ ಇಳಿಸಲು ಹೊರಟಾಗ ಕಾರ್ಮಿಕರು ಪ್ರತಿಭಟಿಸಿದರು. ಕಾರಖಾನೆಯ ಮುಖ್ಯಸ್ಥರು ಬಾಗಿಲು ಹಾಕಿ ಮುನ್ನೂರು ಜನ ಬಾಡಿಗೆ ಕಾವಲುಗಾರರನ್ನು ಬಂದೂಕಿನೊಡನೆ ಕರೆಸಿದರು. ಜುಲೈ 6ರಂದು ಗುಂಡು ಹಾರಿ ಎರಡೂ ಕಡೆ ಜನ ಸತ್ತರು. ಕಾರ್ನೆಗಿ ಆಗ ಸ್ಕಾಟ್ಲೆಂಡಿನಲ್ಲಿದ್ದ. ಆಮೇಲೆ 1898ರಲ್ಲಿ ಅದೇ ಊರಿಗೆ ಒಂದು ಚೆಂದದ ಪುಸ್ತಕಭಂಡಾರ ಕಟ್ಟಿಸಿಕೊಟ್ಟ. ಲೋಕದಲ್ಲೆಲ್ಲ ಎರಡೂವರೆ ಸಾವಿರ ಪುಸ್ತಕಭಂಡಾರ ಕಟ್ಟಿಸಿದ, ಒಟ್ಟು 35 ಕೋಟಿ ಡಾಲರು ಕೊಟ್ಟ. ಆ ಪುಸ್ತಕಭಂಡಾರಗಳಲ್ಲಿ ಲಕ್ಷಗಟ್ಟಲೆ ಬಡಮಕ್ಕಳು ಓದಿದ್ದು ನಿಜ, ಅದನ್ನು ಅಲ್ಲಗಳೆಯಬಾರದು. ಆದರೆ ಹನ್ನೆರಡು ತಾಸು ಕುಲುಮೆಯ ಮುಂದೆ ನಿಂತು ಮನೆಗೆ ಬಂದವನಿಗೆ ಪುಸ್ತಕ ಓದಲು ಕಣ್ಣು ಎಲ್ಲಿ ಉಳಿದಾವು? ಕೆಸರನ್ನು ತೊಳೆದುಕೊಳ್ಳುವುದು ಎಂದರೆ ಇದು. ಕಾರ್ನೆಗಿಗೆ ಅಳತೆ ಗೊತ್ತಿತ್ತು, ಬರೆದೂ ಇಟ್ಟಿದ್ದ. "ನಿನ್ನ ಚೀಟಿ ಏನಾಯಿತು?" ಎಂದು ಬಾಗಿಲಲ್ಲಿ ನಿಂತು ಕೇಳುವವರೊಬ್ಬರು ಅವನಿಗೆ ಇರಲಿಲ್ಲ.

ಅದೇ ಕಾಲದಲ್ಲಿ ನಮ್ಮ ನಾಡಿನಲ್ಲಿ ಏನು ನಡೆಯುತ್ತಿತ್ತು? ಅಂದಿನ ಮುಂಬಯಿ ಪ್ರಾಂತದಲ್ಲಿ ನಮ್ಮ ಸಮಾಜದ ಮಕ್ಕಳು ಓದಿನಲ್ಲಿ ಬಹಳ ಹಿಂದುಳಿದಿದ್ದರು. ಇಂಗ್ಲಿಷ್ ಓದಿ ಸರಕಾರದ ದೊಡ್ಡ ಹುದ್ದೆಗೆ ಏರಿದವರು ಬೆರಳೆಣಿಕೆಯಷ್ಟು. ಅಂಥವರಾದ ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ ಮುಂದಾಗಿ 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ಸಂಸ್ಥೆಯನ್ನು ಕಟ್ಟಿದರು. ಬಡ ವಿದ್ಯಾರ್ಥಿಗಳಿಗೆ ಓದಲು ನೆರವು ಸಿಗತೊಡಗಿತು. 1904ರಲ್ಲಿ ಹಾನಗಲ್ಲ ಕುಮಾರ ಮಹಾಸ್ವಾಮಿಗಳ ಪ್ರೇರಣೆಯಿಂದ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಮೊದಲ ಅಧಿವೇಶನ ಕೂಡಿತು. ಅದರ ಅಧ್ಯಕ್ಷರಾಗಿದ್ದ ಶಿರಸಂಗಿ ಲಿಂಗರಾಜ ದೇಸಾಯರು 1906ರಲ್ಲಿ ಲಿಂಗೈಕ್ಯರಾದರು. ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟಿದ್ದರು. ಅವರದು ಗಳಿಸಿದ್ದಲ್ಲ, ವಂಶದಿಂದ ಬಂದದ್ದು. ಬಂದುದನ್ನು ತನ್ನದಲ್ಲವೆಂದು ತಿಳಿಯುವುದು ಗಳಿಸಿ ಕೊಡುವುದಕ್ಕಿಂತ ಸುಲಭವೇನೂ ಅಲ್ಲ. ಹಾನಗಲ್ಲ ಶ್ರೀಗಳಾದರೋ ಒಂದು ಕಾಸನ್ನೂ ಗಳಿಸಿದವರಲ್ಲ. ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಶಿವಯೋಗಮಂದಿರವನ್ನು ಕಟ್ಟಿದರು.

1916ರ ನವೆಂಬರ 13ರಂದು ಬೆಳಗಾವಿಯಲ್ಲಿ ಏಳು ಜನ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸಂಸ್ಥೆಯನ್ನು ಸ್ಥಾಪಿಸಿದರು. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ಅವರನ್ನು ನಾವು ಸಪ್ತರ್ಷಿಗಳೆನ್ನುತ್ತೇವೆ. ಅಂದಿನ ಕಾಲದಲ್ಲಿ ಪದವೀಧರನಾದವನು ಸರಕಾರಿ ಹುದ್ದೆಗೆ ಹೋದರೆ ಪಗಾರಕ್ಕೂ ಮರ್ಯಾದೆಗೂ ಕೊರತೆ ಇರಲಿಲ್ಲ. ಇವರು ಆ ದಾರಿಯನ್ನು ಬಿಟ್ಟು ಶಾಲೆಯ ಹಲಗೆಯ ಮುಂದೆ ನಿಂತರು. ಹಾಗಾದರೆ ಇವರೇ ದೊಡ್ಡವರು, ಸರಕಾರಿ ಚಾಕರಿ ಮಾಡಿದವರು ಸಣ್ಣವರು ಎನ್ನೋಣವೇ? ಇವರೇ ಹಾಗೆ ತಿಳಿಯಲಿಲ್ಲ. ತಾವು ತೆರೆದ ಮೊದಲ ಶಾಲೆಗೆ ಗಿಲಗಂಚಿ-ಅರಟಾಳ ಎಂದು ಹೆಸರಿಟ್ಟರು. ಹುದ್ದೆಯಲ್ಲಿದ್ದು ಸಮಾಜಕ್ಕೆ ಆಸರೆಯಾದವರ ಹೆಸರನ್ನು, ಹುದ್ದೆಯನ್ನು ತೊರೆದು ಬಂದವರು ಬಾಗಿಲ ಮೇಲೆ ಬರೆದರು. ಮುಂದೆ 1933ರಲ್ಲಿ ಸ್ಥಾಪನೆಯಾದ ಕಾಲೇಜಿಗೆ ಲಿಂಗರಾಜರ ಹೆಸರಿಟ್ಟರು. ಒಬ್ಬನು ಧನ ಕೊಟ್ಟ, ಇನ್ನೊಬ್ಬನು ಆಯುಷ್ಯ ಕೊಟ್ಟ, ಮತ್ತೊಬ್ಬನು ಜೋಳಿಗೆ ಹಿಡಿದ. ಮೂವರೂ ಕೂಡಿದಾಗ ಒಂದು ಶಾಲೆ ಎದ್ದಿತು. ಬರಿಯ ಹಣದಿಂದ ಪಾಠ ನಡೆಯದು. ಹಣವಿಲ್ಲದೆ ಮಾಡು ನಿಲ್ಲದು.

ಇನ್ನು ನಮ್ಮ ಕಣ್ಣೆದುರಿಗೇ ನಡೆದ ಮಾತು. ವೆಸ್ಲಿ ಇದ್ದ ಅದೇ ಆಕ್ಸಫರ್ಡ ಪಟ್ಟಣದಲ್ಲಿ 2009ರಲ್ಲಿ ಟೋಬಿ ಆರ್ಡ್ ಮತ್ತು ವಿಲಿಯಂ ಮ್ಯಾಕಾಸ್ಕಿಲ್ ಎಂಬ ಇಬ್ಬರು ತರುಣ ತತ್ತ್ವಶಾಸ್ತ್ರಜ್ಞರು ಒಂದು ಸಂಘ ಕಟ್ಟಿದರು. ಸೇರಿದವರು ತಮ್ಮ ಗಳಿಕೆಯ ಹತ್ತರಲ್ಲಿ ಒಂದು ಪಾಲನ್ನು ಆಯುಷ್ಯವಿಡೀ ಕೊಡುವುದಾಗಿ ಮಾತು ಕೊಡಬೇಕು. ಮಲೇರಿಯ ತಡೆಯುವ ಸೊಳ್ಳೆಪರದೆಯಂಥ, ಕಡಿಮೆ ಹಣದಲ್ಲಿ ಹೆಚ್ಚು ಜೀವ ಉಳಿಸುವ ಕೆಲಸಗಳಿಗೆ ಆ ಹಣ ಹೋಗಬೇಕು. ಟೋಬಿ ಆರ್ಡ್ ತನ್ನ ಖರ್ಚಿಗೆ ವರ್ಷಕ್ಕೆ ಸುಮಾರು 20 ಸಾವಿರ ಪೌಂಡಿನ ಅಳತೆ ಹಾಕಿಕೊಂಡು ಮಿಕ್ಕದ್ದನ್ನು ಕೊಡುವೆನೆಂದ. ವೆಸ್ಲಿಯ 28 ಪೌಂಡಿನ ನೆನಪಾಗುವುದಿಲ್ಲವೇ? ಸಾವಿರಾರು ಜನ ಸೇರಿದರು. 2011ರಲ್ಲಿ ಮ್ಯಾಕಾಸ್ಕಿಲನೂ ಅವನ ಗೆಳೆಯರೂ 80 ಸಾವಿರ ಗಂಟೆ ಎಂಬ ಇನ್ನೊಂದು ಸಂಸ್ಥೆ ತೆರೆದರು. ಒಬ್ಬ ಮನುಷ್ಯ ಜೀವಮಾನದಲ್ಲಿ ದುಡಿಯುವ ಹೊತ್ತು ಅಷ್ಟೆಂದು ಅವರ ಲೆಕ್ಕ. ನಮ್ಮ ಹುಡುಗ ಕೇಳಿದ ಪ್ರಶ್ನೆಯನ್ನೇ ಅಲ್ಲಿನ ಹುಡುಗರು ಕೇಳಿದರು. ಬುದ್ಧಿವಂತರು ಹೆಚ್ಚು ಪಗಾರದ ಕೆಲಸಕ್ಕೆ ಹೋಗಿ ಕೊಡಬಹುದೆಂದು ಉತ್ತರ ಬಂತು.

ಹಾಗೆ ಹೊರಟವರಲ್ಲಿ ಸ್ಯಾಮ್ ಬ್ಯಾಂಕ್‌ಮನ್-ಫ್ರೀಡ್ ಎಂಬ ಅಮೇರಿಕೆಯ ವಿದ್ಯಾರ್ಥಿಯೂ ಒಬ್ಬ. ಮೂಕ ಪ್ರಾಣಿಗಳ ಸೇವೆ ಮಾಡಬೇಕೆಂದಿದ್ದ ಅವನು, ಗಳಿಸಿ ಕೊಟ್ಟರೆ ಇನ್ನೂ ಹೆಚ್ಚು ಉಪಕಾರವಾದೀತೆಂಬ ಮಾತಿಗೆ ಒಪ್ಪಿ ಹಣದ ಪೇಟೆಗೆ ಹೋದ. 2019ರಲ್ಲಿ ಕ್ರಿಪ್ಟೊ ಎಂಬ ಕಂಪ್ಯೂಟರ ನಾಣ್ಯದ ವ್ಯಾಪಾರದ ಕಟ್ಟೆ ತೆರೆದ. ಮೂವತ್ತರೊಳಗೆ ಲೋಕದ ದೊಡ್ಡ ಧನಿಕರಲ್ಲಿ ಒಬ್ಬನಾದ. ಎಲ್ಲವನ್ನೂ ಕೊಟ್ಟುಬಿಡುವೆನೆಂದ; ಲೋಕ ಹಾಡಿ ಹೊಗಳಿತು. 2022ರ ನವೆಂಬರದಲ್ಲಿ ಆ ಕಟ್ಟೆ ಕುಸಿಯಿತು. ಗಿರಾಕಿಗಳು ನಂಬಿ ಇಟ್ಟಿದ್ದ ಸುಮಾರು 800 ಕೋಟಿ ಡಾಲರು ಅಲ್ಲಿರಲಿಲ್ಲ. 2023ರಲ್ಲಿ ಅವನು ವಂಚಕನೆಂದು ನ್ಯಾಯಾಲಯದಲ್ಲಿ ಸಿದ್ಧವಾಯಿತು, 2024ರ ಮಾರ್ಚದಲ್ಲಿ 25 ವರ್ಷದ ಸೆರೆಮನೆವಾಸದ ತೀರ್ಪಾಯಿತು. ಬಿಜ್ಜಳನು ಭಂಡಾರ ತೆರೆಸಿದ ಕಥೆಗೂ ಈ ಕಥೆಗೂ ಇರುವ ಅಂತರವನ್ನು ನೋಡಿ. ಒಬ್ಬನ ತಪ್ಪಿಗಾಗಿ ಆ ಸಾವಿರಾರು ಪ್ರಾಮಾಣಿಕರನ್ನು ಹಳಿಯುವುದು ಅನ್ಯಾಯ. ಆದರೆ ಅವನನ್ನು ಹೊಗಳಿದವರು, ಅವನಿಂದ ಪಡೆದವರು ಒಂದು ಮಾತು ಮರೆತಿದ್ದರು: ಎಲ್ಲಿಂದ ಬಂತು?

ಅವರನ್ನು ಆಡಿಕೊಳ್ಳುವ ಅಧಿಕಾರ ನಮಗೆ ಇದೆಯೇ? ಇಲ್ಲವೆಂದು ಹೇಳಲೇಬೇಕಾಗಿದೆ. ನಾವು ಪೀಠಕ್ಕೆ ಬಂದ ಹೊಸದರಲ್ಲಿ ಒಬ್ಬ ಅಡತಿ ವ್ಯಾಪಾರಿ ಪ್ರಸಾದನಿಲಯಕ್ಕೆ ಎರಡು ಖೋಲಿ ಕಟ್ಟಿಸಿಕೊಟ್ಟರು. ಜಾತ್ರೆಯಲ್ಲಿ ಅವರಿಗೆ ಶಾಲು ಹೊದಿಸಿದೆವು, ಹೆಸರಿನ ಕಲ್ಲು ಹಾಕಿಸಿದೆವು. ಎರಡು ವರ್ಷದ ಮೇಲೆ ದಾಸೋಹದ ಪಂಕ್ತಿಯಲ್ಲಿ ಉಂಡು ಎದ್ದ ಒಬ್ಬ ಮುದಿ ಹಮಾಲ ನಮ್ಮ ಬಳಿ ಬಂದು ಮೆಲ್ಲಗೆ ಹೇಳಿದ: "ಅಜ್ಜಾರ, ಆ ಖೋಲ್ಯಾಗ ನಂದೂ ನಾಕು ತಿಂಗಳ ಕೂಲಿ ಐತ್ರಿ." ವಿಚಾರಿಸಿದರೆ ಮಾತು ನಿಜ. ಹಮಾಲರ ಕೂಲಿಯನ್ನು ಇಂದು ನಾಳೆ ಎಂದು ತಡೆದು ಆ ಹಣ ಮಠಕ್ಕೆ ಬಂದಿತ್ತು. ವ್ಯಾಪಾರಿಯನ್ನು ಕರೆಸಿ ಹೇಳಿದೆವು. ಬೇಸರಪಟ್ಟರೂ ಬಾಕಿ ತೀರಿಸಿದರು. ಆದರೆ ಕೂಲಿ ನಿಂತ ಆ ವರ್ಷವೇ ಮುದುಕನ ಮಗ ಶಾಲೆ ಬಿಟ್ಟು ಚೀಲ ಹೊರಲು ಹೋಗಿದ್ದ. ಬಡ ಹುಡುಗರು ಓದಲೆಂದು ಕಟ್ಟಿದ ಖೋಲಿಯು ಒಬ್ಬ ಬಡ ಹುಡುಗನ ಓದನ್ನು ನುಂಗಿತ್ತು. ಬಾಕಿ ಬಂದರೂ ಆ ವರ್ಷ ತಿರುಗಿ ಬರಲಿಲ್ಲ. ವ್ಯಾಪಾರಿಯ ತಪ್ಪು ಅರ್ಧ. ಕೇಳದೆ ಸ್ವೀಕರಿಸಿದ ನಮ್ಮ ತಪ್ಪು ಇನ್ನರ್ಧ. ನಾವು ಲಕ್ಕಮ್ಮನ ಕಥೆಯನ್ನು ಪ್ರವಚನದಲ್ಲಿ ಹೇಳಿದ್ದೆವು. ಬಾಗಿಲಲ್ಲಿ ನಿಂತು ಚೀಲ ನೋಡಿರಲಿಲ್ಲ.

ಆದ್ದರಿಂದ ಸದ್ಭಕ್ತರೇ, ಕೊಡುವುದಕ್ಕಾಗಿ ಗಳಿಸಲು ಹೊರಟವನಿಗೆ ನಾವು ಹೇಗೆ ಬೆಂಬಲವಾಗಬೇಕೆಂಬುದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇವೆ.

ಮೊದಲನೆಯದು, ಅವನನ್ನು ನಗಬೇಡಿ. ರೊಕ್ಕವೆಂದ ಕೂಡಲೆ ಆಸೆಯೆಂದು ತಿಳಿಯುವುದು ತಪ್ಪು. ನಗುವವರ ನಡುವೆ ಬೆಳೆದ ಸಂಕಲ್ಪ ಬಾಡುತ್ತದೆ; ಆಮೇಲೆ ಗಳಿಕೆ ಉಳಿಯುತ್ತದೆ, ದಾಸೋಹ ಹೋಗುತ್ತದೆ.

ಎರಡನೆಯದು, ಅಳತೆಯನ್ನು ಪಗಾರ ಬರುವ ಮೊದಲೇ ಗೊತ್ತುಮಾಡಲು ಅವನಿಗೆ ನೆರವಾಗಿ. ಮನೆಗೆ ಇಷ್ಟು, ಮುಪ್ಪಿಗೆ ಇಷ್ಟು, ಮಕ್ಕಳಿಗೆ ಇಷ್ಟು ಎಂದು ಬರೆಯಲಿ. ಹೆಂಡತಿ ಮಕ್ಕಳನ್ನು ಉಪವಾಸ ಕೆಡವಿ ಕೊಡುವುದು ದಾಸೋಹವಲ್ಲ. ಬರೆದ ಚೀಟಿ ಕಾರ್ನೆಗಿಯಂತೆ ಪೆಟ್ಟಿಗೆಯಲ್ಲಿ ಕೂಡದೆ, ಕೇಳುವವರೊಬ್ಬರ ಕೈಯಲ್ಲಿರಲಿ.

ಮೂರನೆಯದು, ಪಡೆಯುವ ಮಠವೂ ಸಂಸ್ಥೆಯೂ ಕೇಳಲಿ. ಎಲ್ಲಿಂದ ಬಂತೆಂದು ಕೇಳಿದರೆ ಒಳ್ಳೆಯವನು ನೊಂದುಕೊಳ್ಳುವುದಿಲ್ಲ. ಕೌತ್ಸನಂತೆ, ನಮಗೆ ಬೇಕಾದುದಕ್ಕಿಂತ ಹೆಚ್ಚು ಬೇಡವೆನ್ನುವ ಧೈರ್ಯ ಪಡೆಯುವವರಿಗೂ ಬೇಕು. ಇಂದು ಈ ಮಠದಲ್ಲಿ ದೊಡ್ಡ ಕಾಣಿಕೆ ಬಂದರೆ ಐವರು ಹಿರಿಯರು ವಿಚಾರಿಸಿಯೇ ಒಪ್ಪುತ್ತಾರೆ. ಹೆಸರಿನ ಕಲ್ಲು ಹಾಕುವುದನ್ನು ಬಿಟ್ಟಿದ್ದೇವೆ.

ನಾಲ್ಕನೆಯದು, ಅವನ ಕಾಣಿಕೆಯ ಭಾರದಿಂದ ಅವನನ್ನು ತೂಗಬೇಡಿ. ಭೃತ್ಯಾಚಾರವೆಂದರೆ ಇದೇ. ಲಕ್ಷ ಕೊಟ್ಟವನೂ ಹಿಡಿ ಜೋಳ ಕೊಟ್ಟ ಮುದುಕಿಯೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು. ನಾಳೆ ಅವನ ನೌಕರಿ ಹೋಗಬಹುದು, ದೇಹ ಸೋಲಬಹುದು, ಅಥವಾ ಇನ್ನು ಗಳಿಕೆ ಸಾಕು, ಊರಿಗೆ ಬಂದು ಪಾಠ ಹೇಳುವೆ ಎನ್ನಬಹುದು. ಅಂದೂ ಅವನಿಗೆ ಇಂದಿನ ಮರ್ಯಾದೆಯೇ ಸಲ್ಲಬೇಕು. ಹಣ ನಿಂತೊಡನೆ ಮುಖ ತಿರುಗಿಸುವ ಸಮಾಜವು ಆ ಮನುಷ್ಯನಿಗೆ ಬೆಂಬಲವಾಗಿರಲಿಲ್ಲ, ಅವನ ಚೀಲಕ್ಕೆ ಬೆಂಬಲವಾಗಿತ್ತು.

ಸೋಮವಾರ ಆ ತರುಣ ಬಂದ. ನಾವು ಇದನ್ನೆಲ್ಲ ಹೇಳಿ, "ಎರಡೂ ಕಾಯಕವೇ. ನಿನ್ನ ಮನಸ್ಸು ಯಾವುದರಲ್ಲಿ ಕೆಡುವುದಿಲ್ಲವೋ ಅದನ್ನು ಹಿಡಿ" ಎಂದೆವು. ಅವನು ಯೋಚಿಸಿ ಬೆಂಗಳೂರಿಗೆ ಹೋಗುವೆನೆಂದ. ಕಾಗದದ ಮೇಲೆ ತನ್ನ ಅಳತೆ ಬರೆದು ನಮ್ಮ ಕೈಗೆ ಕೊಡಬಂದ. ನಾವು ಅದನ್ನು ಅವನ ತಾಯಿಯ ಕೈಗೆ ಕೊಡಿಸಿದೆವು. ಆ ತಾಯಿಗೆ ಓದು ಬಾರದು. ಮಡಿಸಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಅಂದು ನಕ್ಕ ಹಿರಿಯ ಭಕ್ತರೇ ಅದನ್ನು ಆಕೆಗೆ ಓದಿ ಹೇಳಿದರು.

ಈ ಸಲದ ಜಾತ್ರೆಗೆ ಆಕೆ ಬಂದಿದ್ದಳು. ಮಗ ಹೊಸ ಕಾರು ಕೊಳ್ಳಬೇಕೆಂದು ಅಳತೆಯನ್ನು ಹೆಚ್ಚಿಸಲು ಕೇಳಿದನಂತೆ. "ನೀವೇನಂದಿರಿ ತಾಯಿ?" ಎಂದು ಕೇಳಿದೆವು. "ಈಗಿರೋ ಬಾಡಿಗಿ ಮನ್ಯಾಗ ಮಳಿ ಸೋರತೈತ್ರಿ, ಅದಕ್ಕ ಬೇಕಂದ್ರ ಹೆಚ್ಚು ಮಾಡ್ಕೊ ಅಂದೆ. ಕಾರು ಬ್ಯಾಡ ಅಂದೆ" ಎಂದಳು. ಯಾವ ಶಾಸ್ತ್ರವನ್ನೂ ಓದದ ಆ ತಾಯಿ ಲಕ್ಕಮ್ಮನ ಮಗಳು.

ನಿಮ್ಮ ಮನೆಗಳಲ್ಲಿ ದುಡಿಯುವ ಕೈಗಳು ಬೆಳೆಯಲಿ. ಆ ಕೈಗಳನ್ನು ಪ್ರೀತಿಯಿಂದ ಹಿಡಿದು ಕೇಳುವ ಕೈಗಳೂ ಬೆಳೆಯಲಿ. ಗಳಿಕೆ ಶುದ್ಧವಾಗಲಿ, ದಾಸೋಹ ನಿತ್ಯವಾಗಲಿ. ಬಸವಾದಿ ಪ್ರಮಥರ ಕೃಪೆ ನಿಮ್ಮೆಲ್ಲರ ಮೇಲಿರಲಿ.